707 ಸಾಲುಗಳ ಲೆಕ್ಕ



ಬೇರೆಯವರ ಲೆಕ್ಕಪತ್ರ ಪರಿಶೀಲಿಸುವುದು ನನ್ನ ಕಸುಬು, ಇತಿಹಾಸ ಓದುವುದು ಹವ್ಯಾಸ. ಎರಡರಲ್ಲೂ ನಾನು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ದಾಖಲೆ ಎಲ್ಲಿದೆ? ಇಂದು ನಿಮ್ಮ ಮುಂದೆ ಇಡುತ್ತಿರುವುದು ಸಂಪೂರ್ಣ ಟ್ಯಾಲಿ ಆಗದ ಒಂದು ಹಳೆಯ ಲೆಕ್ಕ. ನಮ್ಮ ದೇಶದ್ದಲ್ಲ, ದಕ್ಷಿಣ ಫ್ರಾನ್ಸಿನದು.

ಅಲ್ಲಿ ಆಕ್ಸಿಟನ್ ಎಂಬ ಭಾಷೆಯಿದೆ. ಟ್ರೂಬಡೂರ್ ಕವಿಗಳು ಹಾಡಿದ್ದು ಅದರಲ್ಲೇ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಆಸ್ಥಾನಗಳಲ್ಲಿ ಮೆರೆದ ಆ ನುಡಿ ಮುಂದೆ ಉತ್ತರದ ಫ್ರೆಂಚಿನ ನೆರಳಿಗೆ ಸರಿಯಿತು. ಅದರಲ್ಲಿ ಮೊದಲ ಕ್ರುಸೇಡ್ ಕುರಿತ ಒಂದು ವೀರಕಾವ್ಯ ಇತ್ತು. ಹೆಸರು ‘ಕಾನ್ಸೊ ದಾಂತಿಯೋಕ’, ಅಂದರೆ ಅಂತಿಯೋಕ್ಯದ ಹಾಡು. ಇಂದು ಉಳಿದಿರುವುದು 707 ಸಾಲು ಮಾತ್ರ, ಅದೂ ಒಂದೇ ಹಸ್ತಪ್ರತಿಯಲ್ಲಿ. ಆ ಹಸ್ತಪ್ರತಿ ಇರುವುದು ಫ್ರಾನ್ಸಿನಲ್ಲಲ್ಲ, ಸ್ಪೇನಿನ ಮ್ಯಾಡ್ರಿಡ್‌ನ ರಾಯಲ್ ಇತಿಹಾಸ ಅಕಾಡೆಮಿಯಲ್ಲಿ. 1884ರಲ್ಲಿ ಪಾಲ್ ಮೆಯೆರ್ ಎಂಬ ವಿದ್ವಾಂಸ ಅದನ್ನು ಅಚ್ಚು ಹಾಕಿಸಿದ.

ಹಾಡಿನ ವಸ್ತು ಅಂತಿಯೋಕ್ಯದ ಯುದ್ಧ. ಊರು ಇಂದಿನ ಟರ್ಕಿಯ ಅಂತಾಕ್ಯ. 1097ರ ಅಕ್ಟೋಬರಿನಿಂದ ಮುತ್ತಿಗೆ ಹಾಕಿ ಕೂತ ಕ್ರುಸೇಡ್ ಸೈನ್ಯ 1098ರ ಜೂನ್ ಆರಂಭದಲ್ಲಿ ಊರನ್ನು ಹಿಡಿಯಿತು. ಉಸಿರು ಬಿಡುವಷ್ಟರಲ್ಲಿ ಮೋಸುಲ್‌ನ ಕೆರ್ಬೋಗ ದೊಡ್ಡ ದಂಡು ತಂದು ಅವರನ್ನೇ ಸುತ್ತುವರಿದ. ಹಸಿವಿನಿಂದ ಕಂಗೆಟ್ಟವರು ಜೂನ್ 28ರಂದು ಬಾಗಿಲು ತೆಗೆದು ಹೊರಗೆ ನುಗ್ಗಿ ಗೆದ್ದರು. ಉಳಿದಿರುವ ಸಾಲುಗಳು ಈ ಕೊನೆಯ ಕಾಳಗದವು. ಮುಂದಿನ ಹಾಳೆಗಳೂ ಇಲ್ಲ, ಹಿಂದಿನವೂ ಇಲ್ಲ. ಕವಿ ಯಾರೆಂದು ಹಾಳೆಗಳು ಹೇಳುವುದಿಲ್ಲ. ಹಿಂದಿನ ವರ್ಷದ ಪುಸ್ತಕವೇ ಇಲ್ಲದೆ ಓಪನಿಂಗ್ ಬ್ಯಾಲೆನ್ಸ್ ಮಾತ್ರ ಕೈಗಿಟ್ಟರೆ ಹೇಗಿರುತ್ತದೆ ಎಂದು ನಮ್ಮ ವೃತ್ತಿಯವರಿಗೆ ಗೊತ್ತು.

ಈಗ ಇನ್ನೊಂದು ದಾಖಲೆ ನೋಡಿ. 1180ರ ದಶಕದಲ್ಲಿ ವಿಜ್ವಾ ಮಠದ ಮುಖ್ಯಸ್ಥ ಜೆಫ್ರಿ ಲ್ಯಾಟಿನ್ನಿನಲ್ಲಿ ತನ್ನ ಸೀಮೆಯ ವೃತ್ತಾಂತ ಬರೆದ. ಅದರಲ್ಲಿ ಗ್ರೆಗೊರಿ ಬೆಶಾದ ಎಂಬವನ ಮಾತು ಬರುತ್ತದೆ. ಲಿಮೋಜ್ ಬಳಿಯ ಲಾಸ್ತೂರ್ ಕೋಟೆಯ ಯೋಧ, ಅಷ್ಟಿಷ್ಟು ಓದು ಬಲ್ಲವನು. ಜನರಿಗೆ ಪೂರ್ತಿ ತಿಳಿಯಲಿ ಎಂದು ಜೆರೂಸಲೇಮಿನ ಯುದ್ಧದ ಕಥೆಯನ್ನು ತಾಯ್ನುಡಿಯಲ್ಲಿ, ಜನಪ್ರಿಯ ಛಂದಸ್ಸಿನಲ್ಲಿ ಕಟ್ಟಿದನಂತೆ. ಹನ್ನೆರಡು ವರ್ಷ ಹಿಡಿಯಿತಂತೆ. ಮುಂದಿನ ವಿವರ ನನ್ನ ಮನಸ್ಸನ್ನು ತಟ್ಟಿದ್ದು: ಆಡುನುಡಿಯಲ್ಲಿದೆ ಎಂದು ಯಾರೂ ಅದನ್ನು ಹಗುರವಾಗಿ ಕಾಣಬಾರದೆಂದು, ಬಿಷಪ್ ಯೂಸ್ಟಾರ್ಜನ ಅಪ್ಪಣೆ ಪಡೆದು, ಗೋಬೆರ್ ಎಂಬ ನಾರ್ಮನ್ನನ ಸಲಹೆ ಕೇಳಿ ಕೆಲಸಕ್ಕೆ ಕೈಹಾಕಿದನಂತೆ. ತನ್ನ ಮಾತಿನಲ್ಲಿ ತನ್ನವರ ಕಥೆ ಬರೆಯಲು ದೊಡ್ಡವರ ಮೊಹರು ಬೇಕಾಗಿತ್ತು! ಯೂಸ್ಟಾರ್ಜ್ ಲಿಮೋಜಿನ ಬಿಷಪ್ ಆಗಿದ್ದುದು 1106ರಿಂದ 1137ರವರೆಗೆ. ಅಲ್ಲಿಗೆ ಬೆಶಾದನ ಕಾಲ ಹೆಚ್ಚು ಕಡಿಮೆ ಗೊತ್ತಾಯಿತು.

ಹೀಗೆ ಒಂದು ಕಡೆ ಬಿಲ್ ಇದೆ, ಸರಕಿಲ್ಲ. ಇನ್ನೊಂದು ಕಡೆ ಸರಕಿದೆ, ಬಿಲ್ಲಿಲ್ಲ. ಎರಡನ್ನೂ ಜೋಡಿಸಿ ಕಡತ ಮುಚ್ಚಿಬಿಡುವ ಆಸೆ ಯಾರಿಗಾದರೂ ಬರುತ್ತದೆ. (ನಮ್ಮಲ್ಲೂ ಕವಿರಾಜಮಾರ್ಗ ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ಒಂದೂ ಕೈಸೇರಿಲ್ಲ. ನಾಳೆ ಎಲ್ಲೋ ನಾಲ್ಕು ಓಲೆಗರಿ ಸಿಕ್ಕರೆ ಮೊದಲು ಹಚ್ಚುವುದು ಇವರ ಹೆಸರನ್ನೇ ತಾನೆ?) ಆದರೆ ಮ್ಯಾಡ್ರಿಡ್ ಹಾಳೆಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅವುಗಳ ಭಾಷೆ ಮತ್ತು ಪದ್ಯದ ಕಟ್ಟು 12ನೇ ಶತಮಾನದ ಕೊನೆಯ ಕಡೆಗೆ ಬೆರಳು ತೋರಿಸುತ್ತವೆ. ಹನ್ನೆರಡು ಅಕ್ಷರಗಳ ಆ ದೀರ್ಘ ಸಾಲು ವೀರಕಾವ್ಯಗಳಲ್ಲಿ ಬಳಕೆಗೆ ಬಂದದ್ದೇ ಬೆಶಾದನ ಪೀಳಿಗೆಯ ನಂತರ. ನಡುವೆ ಅರ್ಧ ಶತಮಾನದ ಅಂತರವಿದೆ.

ಹಾಗೆಂದು ಸಂಬಂಧವೇ ಇಲ್ಲ ಎನ್ನುವಂತೆಯೂ ಇಲ್ಲ. 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ‘ಗ್ರಾನ್ ಕೊಂಕಿಸ್ತ ದೆ ಉಲ್ತ್ರಮಾರ್’ ಎಂಬ ದೊಡ್ಡ ಗದ್ಯಗ್ರಂಥ ಸಿದ್ಧವಾಯಿತು. ಅದರಲ್ಲಿ ಫ್ರೆಂಚ್ ಹಾಡುಗಳಲ್ಲಿಲ್ಲದ ದಕ್ಷಿಣದ ವೀರರ ಕಥೆಗಳಿವೆ. ಅವರಲ್ಲಿ ಮುಖ್ಯನಾದವನು ಗೋಲ್ಫಿಯೆ, ಅದೇ ಲಾಸ್ತೂರ್ ಕೋಟೆಯ ಒಡೆಯ! ಈತ ಕಟ್ಟುಕಥೆಯಲ್ಲ. 1098ರಲ್ಲಿ ಸಿರಿಯಾದ ಮಅರ್ರಾ ಗೋಡೆಗೆ ಏಣಿ ಹಾಕಿ ಮೊದಲು ಹತ್ತಿದವನೆಂದು ಸಮಕಾಲೀನ ವೃತ್ತಾಂತ ಹೇಳುತ್ತದೆ. ಸ್ಪೇನಿನ ಬರಹಗಾರನ ಮುಂದೆ ಆಕ್ಸಿಟನ್ ಹಾಡು ಇದ್ದಿರಬೇಕೆಂದು ಗಾಸ್ತೋನ್ ಪಾರಿಸ್ 19ನೇ ಶತಮಾನದಲ್ಲೇ ವಾದಿಸಿದ್ದ. ಬೆಶಾದನೂ ಅದೇ ಕೋಟೆಯವನು. ತನ್ನ ಒಡೆಯನನ್ನು ಹೊಗಳದೆ ಬಿಟ್ಟಾನೆಯೇ?

ಮತ್ತೊಬ್ಬ ಸಾಕ್ಷಿ ತುದೇಲದ ವಿಲಿಯಂ. 1210ರಲ್ಲಿ ಆಲ್ಬಿಜೆನ್ಸಿಯನ್ ಕ್ರುಸೇಡಿನ ಹಾಡು ಶುರುಮಾಡುತ್ತ, ಅಂತಿಯೋಕ್ಯದ ಹಾಡಿನ ಮಾದರಿಯಲ್ಲೇ, ಅದೇ ಧಾಟಿಯಲ್ಲೇ ಕಟ್ಟುತ್ತಿದ್ದೇನೆ ಎಂದು ಆತ ಹೇಳಿಕೊಳ್ಳುತ್ತಾನೆ. ಅವನ ಪ್ರತಿ ಪದ್ಯಗುಚ್ಛದ ಕೊನೆಯಲ್ಲೂ ಒಂದು ಗಿಡ್ಡ ಸಾಲು ಬರುತ್ತದೆ. ಮ್ಯಾಡ್ರಿಡ್ ಹಾಳೆಗಳಲ್ಲೂ ಹಾಗೆಯೇ. ಅಂದರೆ ಹಾಡು ಆಗ ಜನರ ಬಾಯಲ್ಲಿ ಜೀವಂತವಾಗಿತ್ತು. ಆದರೆ ವಿಲಿಯಂ ಬರೆದ ಯುದ್ಧ ಯಾವುದು? ಅಂತಿಯೋಕ್ಯಕ್ಕೆ ದಕ್ಷಿಣದ ಸೈನ್ಯ ನಡೆಸಿಕೊಂಡು ಹೋದವನು ಟುಲೂಸಿನ ನಾಲ್ಕನೇ ರೇಮಂಡ್. 1209ರಲ್ಲಿ, ಅವನ ಮರಿಮಗ ಆರನೇ ರೇಮಂಡನ ಕಾಲದಲ್ಲಿ, ಕ್ರುಸೇಡ್ ಬಂದದ್ದು ಆ ದಕ್ಷಿಣದ ಮೇಲೆಯೇ. ಆ ಜುಲೈನಲ್ಲಿ ಬೇಜಿಯೇ ಊರಿನ ಜನರನ್ನು ಕೊಂದರು. ಮುತ್ತಜ್ಜನ ಗೆಲುವಿನ ಧಾಟಿಯಲ್ಲಿ ಮರಿಮಗನ ನಾಡಿನ ನಾಶದ ಕಥೆ!

ಇಷ್ಟೆಲ್ಲ ದಾಖಲೆ ಮುಂದಿಟ್ಟುಕೊಂಡರೆ ನನಗೆ ಕಾಣುವುದು ಇಷ್ಟು: ಬೆಶಾದ ಮೂಲವನ್ನು ಕಟ್ಟಿದ. ಹಾಡುಗಾರರು ಎರಡು ಪೀಳಿಗೆ ಅದನ್ನು ತಿದ್ದಿ, ಬೆಳೆಸಿ, ಹೊಸ ಛಂದಸ್ಸಿಗೆ ಇಳಿಸಿದರು. ಹಾಗೆ ತಿದ್ದಿದ ಒಂದು ರೂಪದ ತುಣುಕು ಮ್ಯಾಡ್ರಿಡ್‌ನಲ್ಲಿದೆ. 2003ರಲ್ಲಿ ಇಡೀ ತುಣುಕನ್ನು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿದ ಕ್ಯಾರಲ್ ಸ್ವೀಟನ್‌ಹ್ಯಾಮ್ ಮತ್ತು ಲಿಂಡಾ ಪ್ಯಾಟರ್ಸನ್ ಕೂಡ ಅದನ್ನು 12ನೇ ಶತಮಾನದ ಕೊನೆಯ ರೂಪವೆಂದೇ ಕಾಣುತ್ತಾರೆ. ಆದ್ದರಿಂದ 707 ಸಾಲುಗಳ ಕೆಳಗೆ ‘ಕವಿ: ಗ್ರೆಗೊರಿ ಬೆಶಾದ’ ಎಂದು ಬರೆದು ತಂದರೆ ನಾನು ಸಹಿ ಹಾಕುವುದಿಲ್ಲ. ‘ಬೆಶಾದನ ಮೂಲದಿಂದ ಬಂದಿರಬಹುದು’ ಎಂಬ ಷರಾ ಬರೆದಿದ್ದರೆ ಹಾಕಬಲ್ಲೆ. ಅಪ್ಪಣೆ ಕೊಟ್ಟ ಬಿಷಪ್ಪನ ಹೆಸರು ಉಳಿದಿದೆ, ಸಲಹೆ ಕೊಟ್ಟ ನಾರ್ಮನ್ನನ ಹೆಸರೂ ಉಳಿದಿದೆ. ನಡುವೆ ಹಾಡನ್ನು ಕೈಯಿಂದ ಕೈಗೆ ದಾಟಿಸಿದವರ ಹೆಸರು ಒಂದೂ ಉಳಿದಿಲ್ಲ. ವಿಲಿಯಂ ಎರವಲು ಪಡೆದ ಆ ಧಾಟಿಯೂ ಉಳಿದಿಲ್ಲ.