ಉಡುಪಿಯ ಒಲೆ, ಮದರಾಸಿನ ಫಲಕ

ಹೊಸದಾಗಿ ಮದರಾಸಿಗೆ ಬಂದ ಕನ್ನಡಿಗನು ತಮಿಳು ತಿಳಿಯದೆ ಎಷ್ಟೇ ತೊಳಲಿದರೂ, ಫಲಕದ ಮೇಲೆ ‘ಉಡುಪಿ’ ಎಂಬ ಮೂರಕ್ಷರ ಕಂಡೊಡನೆ ಧೈರ್ಯ ತಾಳುತ್ತಿದ್ದನು. ಆ ಮೂರಕ್ಷರಕ್ಕೆ ಬೆಲೆ ತಂದುದು ಶ್ರೀಕೃಷ್ಣಮಠದ ಪಾಕಶಾಲೆಯ ಒಲೆ. ಮಡಿಯುಟ್ಟು, ಈರುಳ್ಳಿ ಬೆಳ್ಳುಳ್ಳಿ ಸೋಂಕದಂತೆ ನೈವೇದ್ಯ ಮಾಡುವ ಸಂಪ್ರದಾಯದಲ್ಲಿ ಪಳಗಿದ ಕೈಗಳು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವು. (ಇಲ್ಲಿಗೆ ಬಂದ ಮೇಲೆ ಸಾಂಬಾರಿಗೆ ಈರುಳ್ಳಿ ಬಿದ್ದುದು ಬೇರೆ ಮಾತು!)

ಕಡಂದಲೆಯ ಕೆ. ಕೃಷ್ಣರಾಯರನ್ನು ನೆನೆಯದೆ ಈ ಚರಿತ್ರೆಯಿಲ್ಲ. ಅಡಿಗೆಮನೆಯ ಕೆಳಗೆಲಸದಿಂದ ಮೊದಲುಮಾಡಿದ ಅವರು ಆಚಾರಪ್ಪನ್ ಬೀದಿಯಲ್ಲಿ ಸಣ್ಣ ಹೋಟೆಲು ನಡೆಸಿ, ಅನಂತರ ಮೌಂಟ್ ರೋಡಿನಲ್ಲಿ ‘ಉಡುಪಿ ಶ್ರೀಕೃಷ್ಣ ವಿಲಾಸ’ವನ್ನು ಕಟ್ಟಿದರು. 1938ರಲ್ಲಿ ರಾಯಪೇಟೆಯ ‘ವುಡ್‌ಲ್ಯಾಂಡ್ಸ್’ ಎಂಬ ಬಂಗಲೆಯನ್ನು ಬಾಡಿಗೆಗೆ ಹಿಡಿದು ವಸತಿ ಸಹಿತವಾದ ಹೋಟೆಲನ್ನು ತೆರೆದಾಗ, ಬಂಗಲೆಯ ಇಂಗ್ಲಿಷ್ ಹೆಸರನ್ನು ಅಳಿಸಲಿಲ್ಲ. ಇಡ್ಲಿ ಸಾಂಬಾರಿಗೆ ದೊರೆಗಳ ಕಾಲದ ಹೆಸರು! ಆದರೆ ಆ ಹೆಸರೇ ದೇಶವಿದೇಶಗಳಲ್ಲಿ ನಮ್ಮ ಅಡಿಗೆಯ ಗುರುತಾಯಿತು.

ಆ ಕಾಲದ ಉಡುಪಿ ಹೋಟೆಲಿನ ಒಳಗನ್ನು ಕಂಡವರಿಗೆ ಅದರ ಅಲಂಕಾರ ನೆನಪಿದ್ದೀತು: ಅಮೃತಶಿಲೆಯ ಮೇಜು, ಗಲ್ಲಾಪೆಟ್ಟಿಗೆಯ ಮೇಲೆ ಹಾರ ಹಾಕಿದ ಕೃಷ್ಣನ ಪಟ, ಊದುಬತ್ತಿಯ ಪರಿಮಳ. ಒಲೆ ಮಾತ್ರ ಗೋಡೆಯ ಆಚೆ. ಹೊಗೆಯ ಕಾರಣವೂ ಇತ್ತು, ಮಡಿಯ ಕಾರಣವೂ ಇತ್ತು. ಅಡಿಗೆಯವರ ಜಾತಿಯೇ ಶುಚಿಗೆ ಸಾಕ್ಷಿಯೆಂದು ಆ ಕಾಲದ ಗಿರಾಕಿಗಳು ನಂಬುತ್ತಿದ್ದರು. ಊಟಕ್ಕೆ ಕೂರುವಲ್ಲಿಯೂ ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗವಿರುತ್ತಿತ್ತು. ಇದನ್ನು ನಾವು ಅಭಿಮಾನದ ಭರದಲ್ಲಿ ಮರೆಯಬಾರದು. ಕೆಲವು ಹೋಟೆಲುಗಳಂತೂ ‘ಬ್ರಾಹ್ಮಣ’ ಎಂಬ ಮಾತನ್ನು ಫಲಕದಲ್ಲಿಯೇ ಬರೆಸಿದ್ದುವು. 1957ರಲ್ಲಿ ತಿರುವಲ್ಲಿಕೇಣಿಯ ಮುರಳಿ ಕೆಫೆಯ ಮುಂದೆ ಪೆರಿಯಾರರ ಅನುಯಾಯಿಗಳು ಆ ಮಾತನ್ನು ಅಳಿಸಬೇಕೆಂದು ಚಳವಳಿ ಹೂಡಿ ಸೆರೆಗೆ ಹೋದರು. ಕೊನೆಗೆ ಫಲಕ ಬದಲಾಯಿತು. ‘ಉಡುಪಿ’ ಎಂಬುದಕ್ಕೆ ಹಾಗೆ ಅಳಿಯುವ ಗತಿ ಬರಲಿಲ್ಲ. ಅದು ಊರಿನ ಹೆಸರು, ರುಚಿಯ ಹೆಸರು. ಯಾವ ಜಾತಿಯವನೂ ನಾಲಗೆಯ ಮೇಲೆ ಇಟ್ಟುಕೊಳ್ಳಬಹುದಾದ ಹೆಸರು.

1962ರಲ್ಲಿ ಕತೀಡ್ರಲ್ ರಸ್ತೆಯಲ್ಲಿ ಕೃಷ್ಣರಾಯರ ಡ್ರೈವ್-ಇನ್ ತೆರೆಯಿತು. ಅಲ್ಲಿ ಪಂಕ್ತಿಯೂ ಇಲ್ಲ, ಗೋಡೆಯೂ ಇಲ್ಲ. ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಸಿಕ್ಕಿಸುತ್ತಿದ್ದರು. 2008ರಲ್ಲಿ ಅದು ಮುಚ್ಚಿತು. 2010ರಿಂದ ಆ ಜಾಗದಲ್ಲಿ ಸೆಮ್ಮೊಳಿ ಉದ್ಯಾನವಿದೆ.

ಈಗಿನ ಹೊಸ ಹೋಟೆಲುಗಳು ಕೆಲವು ಗೋಡೆಯ ಬದಲು ಗಾಜು ಹಾಕಿಸಿ, ಬಾಗಿಲ ಬಳಿ ಹಿತ್ತಾಳೆಯ ಕೊಪ್ಪರಿಗೆ ಇಟ್ಟು, ದೋಸೆಕಲ್ಲನ್ನು ಎಲ್ಲರಿಗೂ ಕಾಣಿಸುತ್ತಿವೆ. ಕಲ್ಲಿನ ಕೆಳಗೆ ಉರಿಯುವುದು ಗ್ಯಾಸು. ಹೊಯ್ಯುವವನ ಜಾತಿಯನ್ನು ಮಾತ್ರ ಹೊರಗೆ ಕಾದು ನಿಂತ ಗಿರಾಕಿ ಕೇಳುವುದಿಲ್ಲ.