ಧಾತು-ಈಶ್ವರದ ಕ್ಷಾಮವೂ ತುಮಕೂರಿನ ಉಗಿಬಂಡಿಯೂ

ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಳೆಯ ಹೆದ್ದಾರಿಯು ಬಟವಾಡಿಯನ್ನು ಹಾದು ತುಮಕೂರನ್ನು ಪ್ರವೇಶಿಸುವುದು. ಕ್ಯಾತಸಂದ್ರದ ಕಡೆಯಿಂದ ಬರುವ ರೈಲುದಾರಿಯೂ ಇದೇ ದಿಕ್ಕಿನಿಂದ ಊರನ್ನು ಸೇರುವುದು. ಎತ್ತಿನ ಗಾಡಿಗಳ ಹಾದಿಯಿರುವಾಗ ಕಬ್ಬಿಣದ ಹಾದಿಯೊಂದು ಏಕೆ ಬೇಕಾಯಿತೆಂದು ವಿಚಾರಿಸಿದರೆ, ನಮ್ಮ ನಾಡಿನ ಒಂದು ಮಹಾವಿಪತ್ತಿನ ಚರಿತ್ರೆಯು ತೆರೆದುಕೊಳ್ಳುವುದು.

ಉಗಿಬಂಡಿಯು ಮೊದಲು ಹುಟ್ಟಿದುದು ಬ್ರಿಟನ್ನಿನ ಗಣಿಗಳ ಮತ್ತು ಕಬ್ಬಿಣದ ಕಾರ್ಖಾನೆಗಳ ನೆರೆಯಲ್ಲಿ. 1804ರಲ್ಲಿ ಟ್ರೆವಿಥಿಕ್ಕನ ಯಂತ್ರವು ಕಂಬಿಗಳ ಮೇಲೆ ಕಬ್ಬಿಣದ ಹೊರೆಯನ್ನೆಳೆಯಿತು. 1829ರಲ್ಲಿ ಸ್ಟೀಫನ್‌ಸನ್ನರ 'ರಾಕೆಟ್' ಯಂತ್ರದ ನೀರಿನ ಹಂಡೆಯೊಳಗೆ ಅನೇಕ ಸಣ್ಣ ಕೊಳವೆಗಳನ್ನು ಹಾಯಿಸಿದ್ದುದರಿಂದ ಬೆಂಕಿಯ ಕಾವು ನೀರಿಗೆ ಬೇಗನೆ ತಗಲಿ ಉಗಿಯು ಹೇರಳವಾಗಿ ಏಳುತ್ತಿದ್ದಿತು. ಮುಂದಿನ ಯಂತ್ರಗಳೆಲ್ಲವೂ ಬಹುಮಟ್ಟಿಗೆ ಇದೇ ಜಾಡನ್ನು ಹಿಡಿದುವು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ರೈಲು ಓಡಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದಿತು. ಅಲ್ಲಿಂದ ಮುಂದೆ ಒಳನಾಡಿಗೆ ಗಾಡಿಯೇ ಗತಿ.

ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರ ವರೆಗೆ, ಮಹಾಕ್ಷಾಮವು ತಲೆದೋರಿತು. ಮದರಾಸಿನಿಂದ ಬೆಂಗಳೂರಿಗೆ ಬಂದ ಧಾನ್ಯವನ್ನು ಹಳ್ಳಿಗಳಿಗೆ ಮುಟ್ಟಿಸುವುದು ದುಸ್ಸಾಧ್ಯವಾಯಿತು. ಎತ್ತಿಗೆ ದಾರಿಯುದ್ದಕ್ಕೂ ಹುಲ್ಲು ನೀರು ಬೇಕು. ಕ್ಷಾಮವಿದ್ದೆಡೆ ಅವೆರಡೂ ಇಲ್ಲ. ಹಸಿದವರಿಗೆ ಅನ್ನವನ್ನು ತರಬೇಕಾದ ಪ್ರಾಣಿಯೇ ಹಸಿವಿನಿಂದ ಮಡಿಯಿತು. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು.

ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸವು ಕ್ಷಾಮಪೀಡಿತರಿಗೆ ಕೂಲಿ ಕೊಡುವುದಕ್ಕಾಗಿಯೇ ಆರಂಭವಾಗಿ, 1882ರಲ್ಲಿ ದಾರಿಯು ಮೈಸೂರನ್ನು ಮುಟ್ಟಿತು. ದಿವಾನ್ ರಂಗಾಚಾರ್ಲು ಅವರು ರೈಲಿನ ವಿಸ್ತರಣವನ್ನು ರಾಜ್ಯದ ಮುಖ್ಯ ಕಾರ್ಯಗಳಲ್ಲಿ ಒಂದೆಂದು ಎಣಿಸಿದರು. 1883ರಲ್ಲಿ ಅವರು ತೀರಿಕೊಂಡರೂ ಕಾರ್ಯವು ನಿಲ್ಲಲಿಲ್ಲ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, 1884ರಲ್ಲಿ, ಸುಮಾರು 43 ಮೈಲಿಯ ದಾರಿಯು ತುಮಕೂರಿಗೆ ತೆರೆಯಿತು. 1889ರ ಹೊತ್ತಿಗೆ ಅದು ಗುಬ್ಬಿಯ ಮೂಲಕ ಹರಿಹರವನ್ನು ಸೇರಿತು.

ಆದರೆ ಈ ಉಪಕಾರಕ್ಕೆ ಮಿತಿಗಳೂ ಇದ್ದುವು. ಮದರಾಸಿನ ಕಂಬಿಗಳ ಅಂತರವು ಐದೂವರೆ ಅಡಿ. ಮಿತವ್ಯಯದ ದೃಷ್ಟಿಯಿಂದ ಸಂಸ್ಥಾನವು ಆರಿಸಿಕೊಂಡುದು ಒಂದು ಮೀಟರು. ಆದ್ದರಿಂದ ಮದರಾಸಿನ ಮೂಟೆಯನ್ನು ಬೆಂಗಳೂರಿನಲ್ಲಿ ಒಂದು ಬಂಡಿಯಿಂದಿಳಿಸಿ ಮತ್ತೊಂದಕ್ಕೆ ಏರಿಸಬೇಕಾಗುತ್ತಿದ್ದಿತು. ಹುಲ್ಲನ್ನು ಬೇಡದ ಯಂತ್ರವು ಸೌದೆಯನ್ನು ಬೇಡಿತು. ಅದರ ಭಾರವನ್ನು ಕಾಡುಗಳು ಹೊತ್ತುವು. ಇದಲ್ಲದೆ, ಧಾನ್ಯವನ್ನು ತರಬಲ್ಲ ಬಂಡಿಯು ಬೆಲೆಯೇರಿದ ಊರಿಗೆ ಅದನ್ನು ಒಯ್ಯಲೂ ಬಲ್ಲದು. ಕೊಳ್ಳಲು ಕಾಸಿಲ್ಲದವನ ಮನೆಗೆ ಯಾವ ಯಂತ್ರವೂ ಅಕ್ಕಿಯನ್ನು ತಾನಾಗಿ ತಂದು ಸುರಿಯದು.

ಮೀಟರು ಅಂತರದ ಕಂಬಿಗಳು 1990ರ ದಶಕದಲ್ಲಿ ಅಗಲಗೊಂಡುವು. ಉಗಿಯ ಯಂತ್ರಗಳೂ ಮರೆಯಾದುವು. ಈ ದಾರಿಯನ್ನು ನಾಗರಿಕತೆಯ ಕೊಡುಗೆಯೆಂದಷ್ಟೇ ಹೊಗಳುವುದು ಸಾಲದು. ತಡವಾಗಿ ಬಂದುದರಿಂದ ಅದಕ್ಕೆ ಉಳಿಸಲಾಗದೆ ಹೋದವರನ್ನೂ ಅದರ ಚರಿತ್ರೆಯಲ್ಲಿ ಎಣಿಸಬೇಕು.