ಕೆನಿಬಣ್ಣದ ಒಲಿ ಮತ್ತ ನಮ್ಮ ಅಡಗಿಮನಿ

ಕಂಟ್ರಿ ಸ್ಟೈಲ್ ಅಡಗಿಮನಿ ಅಂತ ಮೊಬೈಲ್‌ದಾಗ ಹುಡುಕಿದ್ರ ಯಾವ ಫೋಟೋ ತಗದ್ರೂ ನಟ್ಟನಡುವ ಒಂದು ಒಲಿ ಕುಂತಿರತೈತಿ. ಕೆನಿ ಬಣ್ಣ, ದಪ್ಪನ್ನ ಮೈ, ಮ್ಯಾಲ ಎರಡು ದುಂಡನ್ನ ಮುಚ್ಚಳ, ಮುಂದ ಸಣ್ಣ ಸಣ್ಣ ಬಾಗಿಲಾ. ನೋಡಿದ್ರ ನೂರಾರು ವರ್ಷದಿಂದ ಇಂಗ್ಲೆಂಡಿನ ರೈತರ ಮನ್ಯಾಗ ಉರಕೋತ ಬಂದ ಒಲಿ ಅನಸ್ತೈತಿ. ನಮ್ಮ ತಂಗಿ ಧಾರವಾಡದ ಹೊರಗ ಹೊಲದಾಗ ಮನಿ ಕಟ್ಟಸಾಕತ್ತಾಳ, ಅಡಗಿಮನಿ ಮಾತ್ರ ಹಳ್ಳಿ ನಮೂನಿನ ಆಗಬೇಕಂತ ಹಟ ಹಿಡದಾಳ. ಯಾವ ಮಶೀನು ತಗೋಬೇಕು, ಯಾವುದು ಬ್ಯಾಡ ಅಂತ ನಮ್ಮನಮ್ಮೊಳಗ ಒಂದು ತಿಂಗಳಿಂದ ಚರ್ಚೆ ನಡದೈತಿ. ಅದಕ್ಕ ಈ ಸಲ ಅಡಗಿ ಬಿಟ್ಟು ಅಡಗಿಮನಿಯ ಇತಿಹಾಸ ಬರೀತೇನಿ ಅಕ್ಕಾರ, ಸ್ವಲ್ಪ ಓದ್ರಿ.

ಆ ಕೆನಿಬಣ್ಣದ ಒಲಿಯ ಹೆಸರು ಆಗಾ. ಅದು ಹುಟ್ಟಿದ್ದು ಇಂಗ್ಲೆಂಡಿನ್ಯಾಗ ಅಲ್ಲ, ಅಷ್ಟು ಹಳೇದೂ ಅಲ್ಲ. 1922ರಾಗ ಸ್ವೀಡನ್ ದೇಶದ ಗುಸ್ತಾಫ್ ದಾಲೇನ್ ಅನ್ನೋ ವಿಜ್ಞಾನಿ ಅದನ್ನ ಮಾಡಿದ. ಸಮುದ್ರದ ದೀಪಸ್ತಂಭಗಳು ಗ್ಯಾಸಿನ ಮ್ಯಾಲ ತಾವ ಹತ್ತಿ ತಾವ ಆರೋ ಹಂಗ ಮಾಡಿದಾತ ಇವನ. 1912ರಾಗ ಪ್ರಯೋಗ ಮಾಡೋ ಮುಂದ ಗ್ಯಾಸ್ ಸಿಡಿದು ಎರಡೂ ಕಣ್ಣು ಹೋದವು. ಅದ ವರ್ಷ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಇಸಗೊಳ್ಳಾಕ ತನಗ ಹೋಗಾಕ ಆಗಲಿಲ್ಲ, ಅಣ್ಣತಮ್ಮಂದಿರೊಳಗ ಒಬ್ಬಾತ ಹೋಗಿ ತಂದ. ಆತ ಕಣ್ಣಿನ ಡಾಕ್ಟರ್, ನೋಡ್ರಿ ವಿಧಿ!

ಕಣ್ಣು ಹೋದ ಮ್ಯಾಲ ದಾಲೇನ್ ಮನ್ಯಾಗ ಕುಂತಾಗ ಹೆಂಡತಿ ಎಲ್ಮಾ ದಿನಪೂರ್ತಿ ಒಲಿ ಮುಂದ ದಣಿಯೋದು ಅವಗ ತಿಳೀತಂತ. ಒಲಿಗೆ ತುಂಬೋದು, ಬೂದಿ ತಗಿಯೋದು, ಉರಿ ಹೆಚ್ಚು ಕಡಿಮಿ ಮಾಡೋದು. ಹಂಗಾಗಿ ಆತ ಬ್ಯಾರೆ ನಮೂನಿ ಒಲಿ ಮಾಡಿದ. ಒಳಗ ಸಣ್ಣ ಬೆಂಕಿ ಹಗಲೂ ರಾತ್ರಿ ಇರತೈತಿ, ದಪ್ಪ ಎರಕದ ಕಬ್ಬಿಣ ಆ ಶಾಖ ಹಿಡದಿಟ್ಟುಕೊಂಡಿರತೈತಿ. ಮುಚ್ಚಳ ಎತ್ತಿದ್ರ ಒಂದು ಕಡೆ ಕುದಿಸೋ ಕಾವು, ಇನ್ನೊಂದು ಕಡೆ ಸಣ್ಣ ಕಾವು. 1929ರಾಗ ಅದು ಇಂಗ್ಲೆಂಡಿಗೆ ಹೋತು, ಅಲ್ಲಿ ಇದ್ದುಳ್ಳವರ ಹಳ್ಳಿಮನಿಗಳ ಗುರುತ ಆಗಿ ಕುಂತಿತು.

ಅಂದ್ರ ಇವತ್ತು ನಾವು "ಎಷ್ಟು ಹಳೇ ಕಾಲದ್ದು" ಅಂತ ಮೆಚ್ಚೋ ವಸ್ತು ತನ್ನ ಕಾಲಕ್ಕ ಹೊಚ್ಚ ಹೊಸಾ ಮಶೀನು. ಚಂದ ಕಾಣಲಿ ಅಂತ ಅಲ್ಲ, ಒಬ್ಬ ಹೆಣ್ಮಗಳ ದಣಿವು ಕಡಿಮಿ ಆಗಲಿ ಅಂತ ಹುಟ್ಟಿದ್ದು. ನನ್ನ ತಕರಾರು ಇಷ್ಟ: ಹಳ್ಳಿ ನಮೂನಿ ಅಡಗಿಮನಿಗೆ ಸಾಮಾನು ಆರಸೋವಾಗ ನಾವು ಫೋಟೋದಾಗಿನ ಬಣ್ಣ ನೋಡ್ತೇವಿ, ದಣಿವು ನೋಡೂದಿಲ್ಲ. ಮತ್ತ ಆಗಾ ಒಲಿ ನಮಗ ಬ್ಯಾಡೂ ಬ್ಯಾಡ. ಎಂದೂ ಆರದ ಒಲಿ ಸ್ವೀಡನ್ನಿನ ಚಳಿಗೆ ವರ. ನಮ್ಮ ಏಪ್ರಿಲ್‌ದಾಗ ಅಂಥಾದು ಒಳಗಿದ್ರ ಮನಿ ಮಂದಿ ಎಲ್ಲಾ ಅಂಗಳಕ್ಕ ಹಾಸಿಗಿ ಹಾಕಬೇಕಾಗತೈತಿ.

ದಾಲೇನ್ ಕಥಿ ಓದಿದಾಗ ನನಗ ನೆನಪಾಗಿದ್ದು ನಮ್ಮದ ದೇಶದ ಇನ್ನೊಂದು ಜೋಡಿ. 1960ರ ಸುಮಾರಿಗೆ ಮುಂಬೈದಾಗ ಸತ್ಯಪ್ರಕಾಶ ಮಾಥುರ್ ಅಂತ ಒಬ್ಬ ಇಂಜಿನಿಯರ್, ಸೀಮೆನ್ಸ್ ಕಂಪನ್ಯಾಗ ನೌಕರಿ. ಹೆಂಡತಿ ಮಾಧುರಿ ಹಂತೇಕ ಜರ್ಮನಿಯ ಬ್ರಾನ್ ಮಿಕ್ಸರ್ ಇತ್ತು. ಹಣ್ಣಿನ ರಸಕ್ಕ, ಕೇಕಿನ ಹಿಟ್ಟಿಗೆ ಮಾಡಿದ ಮಶೀನದು. ಅದರಾಗ ನಮ್ಮ ಮಸಾಲಿ, ನೆನಸಿದ ಬ್ಯಾಳಿ ರುಬ್ಬಿದ್ರ ತಡಕೋತೈತೇನು? ಮೋಟಾರ್ ಸುಟ್ಟಿತು, ಇಲ್ಲಿ ರಿಪೇರಿ ಮಾಡವರಿಲ್ಲ. ಆಗ ಮಾಥುರ್ ನಮ್ಮ ಅಡಗಿಗೆ ತಡಿಯೋ ಮೋಟಾರು, ಒಣಾ ಮಸಾಲಿ ಕುಟ್ಟೋ ಬ್ಲೇಡು ತಾನ ಕೂಡಿಸಿ ಮಾಡಿದ. 1963ರಾಗ ಅದಕ್ಕ ರೂಪ ಬಂತು, ಮುಂದ ಅದ ಸುಮೀತ ಆತು. ನಮ್ಮ ಅವ್ವಗ ಎಂಬತ್ತರ ದಶಕದಾಗ ಮಿಕ್ಸರ್ ಬಂದಾಗ ನೆರಿಮನ್ಯಾವರು ಶೇಂಗಾ ತಗೊಂಡು ಸಾಲಾಗಿ ಬರ್ತಿದ್ರು, ಹಿಂಡಿ ಮಾಡಿಸ್ಕೊಂಡು ಹೋಗಾಕ. ಕೊಯಮತ್ತೂರಿನ್ಯಾಗ 1955ರಾಗ ಸಭಾಪತಿ ಅನ್ನೋರು ಕರೆಂಟಿನ ರುಬ್ಬುಕಲ್ಲು ಮಾಡಿದ್ರು. ಅದು ದಿನಾ ಇಡ್ಲಿ ದ್ವಾಸಿ ಮಾಡೋರಿಗೆ. ರೊಟ್ಟಿ ಉಣ್ಣೋ ನಮಗ ಅದರ ದರಕಾರ ಅಷ್ಟಿಲ್ಲ.

ನಮಗ ದರಕಾರ ಇರೋದು ಹಿಟ್ಟಿಂದು. ತಂಗಿ ಹೊಸಾ ಅಡಗಿಮನ್ಯಾಗ ಅಜ್ಜಿಯ ಬೀಸುಕಲ್ಲು ಇಡತೇನಿ ಅಂತಾಳ. ಇಡಲಿ, ಅದರ ಮ್ಯಾಲ ಗಾಜು ಇಟ್ಟು ಚಾದ ಟೇಬಲ್ ಮಾಡ್ದಿದ್ರ ಸಾಕು. ನಮ್ಮ ಅಜ್ಜಿ ನಸಿಕಿನ್ಯಾಗ ನಾಕು ಗಂಟೆಕ್ಕ ಎದ್ದು ಬೀಸತಿದ್ಲು. ಎದುರಿಗೆ ಅವರ ನೆಗೆಣ್ಣಿ, ಇಬ್ಬರೂ ಗೂಟ ಹಿಡದು ಹಾಡಿಕೋತ. ಆ ಬೀಸೋ ಹಾಡುಗಳನ್ನ ಕೂಡಿಸಿ ನಮ್ಮ ವಿಜಾಪುರ ಕಡೆಯ ಹಲಸಂಗಿ ಗೆಳೆಯರು 1931ರಾಗ "ಗರತಿಯ ಹಾಡು" ಪುಸ್ತಕ ಮಾಡಿದ್ರು. ದೊಡ್ಡ ಕೆಲಸ ಅದು. ಆದ್ರ "ಗಿರಣಿ ಬಂದು ಹಾಡು ಸತ್ತುವು" ಅಂತ ಭಾಷಣ ಮಾಡೋರನ್ನ ಕಂಡ್ರ ನನಗ ಸಿಟ್ಟು ಬರತೈತಿ. ಹಾಡು ಪುಸ್ತಕದಾಗ ಉಳದಾವ, ಅಜ್ಜಿಯ ಬಲಗಡೆ ಹೆಗಲು ಉಳೀಲಿಲ್ಲ. ಕಡೀ ಕಾಲಕ್ಕ ಜಂಪರಿನ ತೋಳು ಏರಿಸಾಕ ಸೈತ ಇನ್ನೊಬ್ಬರು ಬೇಕಾಗತಿತ್ತು. ಊರಿಗೆ ಇಂಜಿನ್ ಗಿರಣಿ ಬಂದ ದಿನಾ ಹೆಣ್ಮಕ್ಳು ಕಾಯಿ ಒಡದು ಪೂಜಿ ಮಾಡಿದ್ರಂತ, ಅಜ್ಜಿನ ಹೇಳತಿದ್ಲು.

ಹಂಗಾಗಿ ತಂಗಿಗೆ ನನ್ನ ಮೊದಲನೇ ಶಿಫಾರಸು ಮನಿಗಿರಣಿ, ಅಂದ್ರ ಘರಘಂಟಿ. ಕಪಾಟಿನ ಆಕಾರದ ಮಶೀನು, ಮನಿ ಕರೆಂಟಿನ ಮ್ಯಾಲ ನಡಿತೈತಿ. ಜ್ವಾಳದ ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ, ರೊಟ್ಟಿ ಬಡಿಯೋ ಮುಂದ ಅಂಚು ಸೀಳತೈತಿ, ನಿಮಗೇನು ಹೇಳೋದು. ಹೊಲದ ಮನಿಯಿಂದ ಊರಿನ ಗಿರಣಿಗೆ ಡಬ್ಬಿ ಹೊತಗೊಂಡು ಹೋಗೋಕಿಂತ ಎರಡು ದಿನಕ್ಕೊಮ್ಮೆ ಬೇಕಾದಷ್ಟು ಮನ್ಯಾಗ ಬೀಸಿಕೊಳ್ಳಲಿ. ಸಪ್ಪಳ ಐತಿ, ಹಿಟ್ಟು ಹಾರತೈತಿ, ಅದಕ್ಕ ಅಡಗಿಮನ್ಯಾಗ ಅಲ್ಲ, ಹಿತ್ತಲ ಕಡೆ ಪಡಸಾಲ್ಯಾಗ ಇಡಬೇಕು. ಆಕಿ ಬರದಿಟ್ಟ ಯಾದ್ಯಾಗ ಗ್ವಾಡಿಯೊಳಗ ಕೂಡಿಸೋ ಓವನ್ ಐತಿ, ಘರಘಂಟಿ ಇಲ್ಲ! ವರ್ಷಕ್ಕ ಎರಡು ಕೇಕಿಗೆ ಓವನ್, ದಿನಾ ಇಪ್ಪತ್ತು ರೊಟ್ಟಿಗೆ ಏನೂ ಇಲ್ಲ.

ಇನ್ನ ಕಟಿಗಿ ಒಲಿ. ಮಣ್ಣಿನ ಒಲಿ ಇಲ್ಲದ ಹಳ್ಳಿ ಅಡಗಿಮನಿ ಹೆಂಗ ಅಂತ ವೈನಿಯವರ ವಾದ. ಅವರು ಹುಬ್ಬಳ್ಳಿ ಪ್ಯಾಟಿಯೊಳಗ ಬೆಳದವರು, ಹೊಗಿ ಕುಡದವರಲ್ಲ. ಹೊಗಿ ಹೊರಗ ಹಾಕಬೇಕಂತ ನಮ್ಮ ದೇಶದಾಗ ಭಾಳ ಮಂದಿ ತಲಿ ಕೆಡಿಸ್ಕೊಂಡಾರ. 1953ರಾಗ ಹೈದರಾಬಾದಿನ ಎಸ್.ಪಿ. ರಾಜು ಅನ್ನೋ ಇಂಜಿನಿಯರ್ ಹೊಗಿ ಇಲ್ಲದ ಒಲಿ ಮ್ಯಾಲ ಪುಸ್ತಕನ ಬರದ್ರು. 1974ರಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ ಎ.ಕೆ.ಎನ್. ರೆಡ್ಡಿಯವರು ಹಳ್ಳಿ ಕೆಲಸಕ್ಕಂತ "ಅಸ್ತ್ರ" ವಿಭಾಗ ಶುರು ಮಾಡಿದ್ರು. ಅಲ್ಲಿಂದ ಬಂದಿದ್ದು ಅಸ್ತ್ರ ಒಲಿ: ಒಂದ ಬೆಂಕಿಗೆ ಮೂರು ಪಾತ್ರಿ, ಹೊಗಿ ಕೊಳವಿಯಿಂದ ಮಾಡಿನ ಮ್ಯಾಲ. 1983ರ ಸುಮಾರಿಗೆ ಕೇಂದ್ರ ಸರಕಾರನೂ ಸುಧಾರಿಸಿದ ಒಲಿಯ ಯೋಜನಾ ತಂದು ಊರೂರಿಗೆ ಮುಟ್ಟಿಸಿತು. ನಮ್ಮ ಊರಾಗ ಎಷ್ಟೋ ಮನ್ಯಾಗ ಕೊಳವಿ ಮಸಿ ತುಂಬಿ ಕಟ್ಟಿತು, ಏರಿ ತಗಿಯೋರು ಯಾರು? ಗಂಡಸರು ಏರಲಿಲ್ಲ, ಹೆಣ್ಮಕ್ಳು ಮಾಡು ಏರಂಗಿಲ್ಲ. ಇನ್ನೊಂದು, ಬೆಂಕಿ ಒಳಗ ಮುಚ್ಚಿಕೊಂಡಿದ್ರ ರೊಟ್ಟಿಯನ್ನ ಕೆಂಡಕ್ಕ ಆನಿಸಿ ಉಬ್ಬಿಸೋದು ಹೆಂಗ? ಒಲಿ ಮಾಡಿದವರು ಬುದ್ಧಿವಂತರ ಹೌದು, ರೊಟ್ಟಿ ಬಡಿಯೋರು ಯಾರರೆ ಅವರ ಜೋಡಿ ಕುಂತಿದ್ರ ಚೊಲೋ ಇತ್ತು.

ನಾನು ಹೇಳೋದು, ಕಟಿಗಿ ಒಲಿ ಹಿತ್ತಲದಾಗ ಇರಲಿ. ನಾಕೂ ಕಡೆ ಗಾಳಿ ಆಡೋ ಚಪ್ಪರದ ಕೆಳಗ, ಹಂಡೇದಾಗ ನೀರು ಕಾಸಾಕ, ಹೋಳಿಗಿ ಮಾಡೋ ದಿನಾ ಹೂರಣದ ಬ್ಯಾಳಿ ಕುದಸಾಕ. ಒಳಗ ಗ್ಯಾಸ್. ಮುಂಬೈದಾಗ 1955ರಾಗ ಅಡಗಿ ಗ್ಯಾಸ್ ಬಂದ್ರೂ, 1965ರಾಗ ಇಂಡೇನ್ ಶುರುವಾದ್ರೂ ನಮ್ಮ ಅವ್ವ ವರ್ಷಗಟ್ಟಲೆ ಪಾಳಿ ಹಚ್ಚಿದ್ಲು. ಸಿಲಿಂಡರ್ ಬಂದ ದಿನಾ ಅದಕ್ಕ ಕುಂಕುಮ ಹಚ್ಚಿ ಮೊದಲು ಹಾಲು ಉಕ್ಕಿಸಿದ್ಲು. ಆಮ್ಯಾಲ ಸಂಜಿಮುಂದ ಅವ್ವನ ಕಣ್ಣು ಕೆಂಪಗ ಇರತಿದ್ದಿಲ್ಲ. ಅದು ನಮಗ ಗೊತ್ತಾಗಾಕ ಸುಮಾರು ದಿನಾ ಹಿಡೀತು, ಯಾಕಂದ್ರ ಅವ್ವನ ಕಣ್ಣಿನ ಬಣ್ಣನ ಹಂಗ ಅಂತ ತಿಳಕೊಂಡಿದ್ವಿ.

ಇಂಡಕ್ಷನ್ ಒಲಿ ಇರಲಿ, ಚಾಕ್ಕ, ಹಾಲಿಗೆ. ಆದ್ರ ಅದು ಕಾಸೋದು ಅಯಸ್ಕಾಂತ ಅಂಟೋ ತಳ ಇದ್ದ ಪಾತ್ರಿಯನ್ನ ಅಷ್ಟ. ಅವ್ವ ಕೊಟ್ಟ ಹಿತ್ತಾಳಿ ಬೋಗುಣಿ, ಅಲ್ಯೂಮಿನಿಯಂ ಪಾತೇಲಿ, ದುಂಡು ತಳದ ಕಡಾಯಿ ಒಂದೂ ನಡೆಯಂಗಿಲ್ಲ. ಫ್ರಿಜ್ಜಿಗೆ ಅಂಟಿಸೋ ಗೊಂಬಿ ಇರತಾವಲ್ಲ, ಅದನ್ನ ಪಾತ್ರಿ ತಳಕ್ಕ ಹಚ್ಚಿ ನೋಡಿದ್ರ ತಿಳೀತೈತಿ. ಎರಡು ಸಾವಿರ ವ್ಯಾಟ್ ತನಕಾ ಕರೆಂಟು ಎಳಿತೈತಿ, ಹೊಲದ ಕರೆಂಟು ಹೋದಾಗ ಮನಿ ಇನ್ವರ್ಟರ್ ಅದನ್ನ ಹೊರಂಗಿಲ್ಲ. ಉರಿ ಇಲ್ಲದ ಮ್ಯಾಲ ರೊಟ್ಟಿ ಮಾತು ಬಿಡ್ರಿ.

ಕುಕ್ಕರಿನ ಬಗ್ಗೆ ಹೆಚ್ಚು ಬರಿಯೂದಿಲ್ಲ, ಯಾರ ಮನ್ಯಾಗ ಇಲ್ಲ ಹೇಳ್ರಿ. 1679ರಾಗ ದೆನಿ ಪಾಪಿನ್ ಅನ್ನೋ ಫ್ರಾನ್ಸಿನವ ಎಲುಬು ಮೆತ್ತಗ ಮಾಡಾಕಂತ ಇಂಥಾ ಪಾತ್ರಿ ಮೊದಲು ಮಾಡಿದ. ಫ್ರಿಜ್ ಮಾತ್ರ ತಂಗಿ ದುಂಡು ಮೂಲಿಯ, ಬಣ್ಣದ್ದು ಬೇಕಂತಾಳ. ಆ ಆಕಾರ 1950ರ ದಶಕದ ಫ್ರಿಜ್ಜಿಂದು, 1997ರಾಗ ಇಟಲಿಯ ಸ್ಮೆಗ್ ಕಂಪನಿ ಮತ್ತ ಅದನ್ನ ಫ್ಯಾಶನ್ ಮಾಡಿತು. ನಮ್ಮಲ್ಲಿ ಗೋದ್ರೇಜಿನವರು 1958ರಾಗ ಫ್ರಿಜ್ ಮಾಡಿದ್ರು, ನಮ್ಮ ಕಡೆ ಎಷ್ಟೋ ವರ್ಷ ಅದು ಪಡಸಾಲ್ಯಾಗ ಬಂದವರಿಗೆ ಕಾಣೋ ಹಂಗ ಕಸೂತಿ ಬಟ್ಟಿ ಹೊದಕೊಂಡು ನಿಂತಿತ್ತು. ತಂಗಿಯ ಕೂಡ ಈ ವಿಷಯದಾಗ ಜಗಳಾಡಂಗಿಲ್ಲ. ರೊಕ್ಕ ಆಕೀದು, ವೋಲ್ಟೇಜ್ ಸ್ಟೆಬಿಲೈಸರ್ ಒಂದು ತಗೋ ಅಂತೇನಿ ಅಷ್ಟ.

ಒಂದು ಮಾತು ಯಾವ ಕ್ಯಾಟಲಾಗಿನ್ಯಾಗೂ ಇರಂಗಿಲ್ಲ. ಅಡಗಿ ಕಟ್ಟಿ ಎತ್ತರ. ಗೌಂಡಿ ತನಗ ರೂಢಿ ಇದ್ದ ಅಳತಿಗೆ ಎಲ್ಲಾರಿಗೂ ಒಂದ ಎತ್ತರ ಕಟ್ಟಿ ಹೋಗತಾನ. ಕಾಯಿಪಲ್ಲೆ ಹೆಚ್ಚಾಕ ಅದು ಸರಿ. ರೊಟ್ಟಿ ಬಡಿಯಾಕ ಸರಿ ಅಲ್ಲ, ಮ್ಯಾಲಿಂದ ಅಂಗೈ ಬೀಳಬೇಕು. ನಮ್ಮ ಅಜ್ಜಿ, ಅವ್ವ ನೆಲದ ಮ್ಯಾಲ ಕುಂತ ಬಡಿತಿದ್ರು, ನಿಂತ ಬಡಿಯೋ ನಮ್ಮ ಕಾಲಕ್ಕ ಹೆಗಲು ಎತ್ತಿಕೊಂಡ ಬಡಿತೇವಿ, ರಾತ್ರಿ ಕುತ್ತಿಗಿ ಹಿಡೀತೈತಿ. ಗ್ಯಾಸಿನ ಬಾಜೂಕ ಎರಡು ಫೂಟು ಉದ್ದ ಕಟ್ಟಿಯನ್ನ ನಾಕೈದು ಇಂಚು ಕೆಳಗ ಇಳಿಸಿ ಕಟ್ಟಸು ಅಂತ ತಂಗಿಗೆ ಹೇಳೇನಿ. ಆಕಿ ನನಗಿಂತ ಗಿಡ್ಡ, ಸೊಸಿ ಆಗಿ ಬರಾಕಿ ಉದ್ದ ಐದಾಳ. ಇಬ್ಬರ ಮೊಣಕೈ ಅಳತಿನೂ ಗೌಂಡಿ ಬರೋದರೊಳಗ ಬರದಿಡಬೇಕು.